ಟಿ ಎಂದರೆ ತೆರಕಣಾಂಬಿ

ನಮ್ಮ ಸೀಮೆಯಲ್ಲಿ ದೇವರಿಗೂ ಇನಿಷಿಯಲ್ ಇದೆ. ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ಸುಗಳ ಬೋರ್ಡು ಓದಿದರೆ ಸಾಕು. ಹುಲಿಯ ಮೇಲೆ ಕೂತು ಎಪ್ಪತ್ತೇಳು ಮಲೆ ಆಳುವ ಮಾದಪ್ಪ ಅಲ್ಲಿ ‘ಎಂ.ಎಂ. ಹಿಲ್ಸ್’ ಆಗಿದ್ದಾನೆ. ಸೋಲಿಗರ ಹೆಣ್ಣನ್ನು ಮೆಚ್ಚಿ ಮದುವೆಯಾಗಿ ಅವರಿಗೆಲ್ಲ ಭಾವನಾದ ಬಿಳಿಗಿರಿರಂಗ ‘ಬಿ.ಆರ್. ಹಿಲ್ಸ್’. ಕಂಡಕ್ಟರು “ಎಮ್ಮೆಮ್ಮಿಲ್ಸ್, ಎಮ್ಮೆಮ್ಮಿಲ್ಸ್” ಅಂತ ಕೂಗಿದರೆ ಹರಕೆ ಹೊತ್ತವರು, ಮುಡಿ ಕೊಡುವವರು, ಕೋಳಿಮರಿಯಂಥ ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡ ತಾಯಂದಿರು ಒಟ್ಟಿಗೇ ನುಗ್ಗುತ್ತಾರೆ. ಹೆಸರು ಮೊಟಕಾಯಿತೆಂದು ಮಾದಪ್ಪ ಮುನಿಸಿಕೊಂಡದ್ದು ಈವರೆಗೆ ಕೇಳಿಲ್ಲ.

ಊರುಗಳ ಸಂಗತಿಯೂ ಹಾಗೆಯೇ. ಟಿ. ನರಸೀಪುರ ಎನ್ನುವ ಊರು ತನ್ನ ಹೆಸರಿನ ಹಿಂದೆ ತಿರುಮಕೂಡಲನ್ನು ಒಂದೇ ಅಕ್ಷರದಲ್ಲಿ ಅಡಗಿಸಿಟ್ಟುಕೊಂಡಿದೆ. ಅತ್ತ ಹಾಸನದ ಕಡೆ ಹೊಳೆನರಸೀಪುರ ಇರುವುದರಿಂದ ಇತ್ತಲಿನ ನರಸೀಪುರಕ್ಕೆ ಗುರುತಿಗೊಂದು ಟಿ ಬೇಕಾಯಿತು. ಹೆಗ್ಗಡದೇವನ ಕೋಟೆ ಎಚ್.ಡಿ. ಕೋಟೆಯಾಯಿತು, ಕೃಷ್ಣರಾಜಪೇಟೆ ಕೆ.ಆರ್. ಪೇಟೆಯಾಯಿತು. ದೇವರು, ಬೆಟ್ಟ, ತಾಲ್ಲೂಕು ಕೇಂದ್ರ ಎಲ್ಲಕ್ಕೂ ಇನಿಷಿಯಲ್ ಹಚ್ಚಿದ ಮೈಸೂರು ಸೀಮೆಯವರು ಒಂದನ್ನು ಮಾತ್ರ ಇಟ್ಟುಕೊಳ್ಳಲಿಲ್ಲ: ಸರ್‌ನೇಮ್.

ಹುಬ್ಬಳ್ಳಿಯವರು ನಮ್ಮನ್ನು ಕಂಡರೆ ಮೊದಲು ಕೇಳುವುದು “ಅಡ್ಡಹೆಸರೇನ್ರೀ?” ಎಂದು. ಇಲ್ಲ ಎಂದರೆ ನಂಬುವುದಿಲ್ಲ. ಮನೆ ಇಲ್ಲ ಅಂದವನನ್ನು ನೋಡಿದ ಹಾಗೆ ನೋಡುತ್ತಾರೆ. ಅವರಲ್ಲಿ ಅಂಗಡಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದೆಲ್ಲ ಇರುತ್ತದೆ. ಒಂದು ಓಣಿಯ ಹಾಜರಿ ಕೂಗಿದರೆ ಸಾರಿಗೆ ಬೇಕಾದ ಸಾಮಾನೆಲ್ಲ ಬಂದ ಹಾಗಾಗುತ್ತದೆ. ನಮ್ಮಲ್ಲಿ ಹಾಜರಿ ಕೂಗಿದರೆ ಬರುವುದು ಮಹದೇವಸ್ವಾಮಿ ಒಬ್ಬನೇ. ಆದರೆ ಅವನೇ ಐದಾರು ಸಲ ಬರುತ್ತಾನೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿರುವ ನಮ್ಮ ತೆರಕಣಾಂಬಿಯಲ್ಲಿ ನಡುಮಧ್ಯಾಹ್ನ ಬಸ್ಸಿಳಿದು “ಮಾದೇವಾ” ಎಂದು ಕೂಗಿ ನೋಡಿ. ಟೀ ಅಂಗಡಿಯಲ್ಲಿ ಇಬ್ಬರು, ತರಕಾರಿ ಮಂಡಿಯಲ್ಲಿ ನಾಲ್ವರು, ಕೇರಳಕ್ಕೆ ಹೊರಟ ಟೊಮೆಟೊ ಲಾರಿಯ ಮೇಲಿಂದ ಒಬ್ಬ, ಹೀಗೆ ಎಲ್ಲರೂ ತಿರುಗುತ್ತಾರೆ. ತಿರುಗದವರ ಹೆಸರು ನಂಜುಂಡಸ್ವಾಮಿ, ಸಿದ್ದಪ್ಪ ಇಲ್ಲವೇ ರಂಗಸ್ವಾಮಿ. ಸುತ್ತಲಿರುವ ದೇವರು ಇವರೇ ಆದ್ದರಿಂದ ಹೆಸರೂ ಇಷ್ಟೇ.

ಇಷ್ಟು ಮಾದೇವರ ನಡುವೆ ನಮ್ಮ ಮಾದೇವನನ್ನು ಹೆಕ್ಕುವುದು ಹೇಗೆ? ಅದಕ್ಕೇ ಇನಿಷಿಯಲ್. ಮೊದಲಕ್ಷರ ಊರಿನದು, ಎರಡನೆಯದು ಅಪ್ಪನದು, ಆಮೇಲೆ ತನ್ನದು. ಸರ್ಕಾರಿ ಕವರಿನ ಮೇಲಿನ ವಿಳಾಸವನ್ನು ತಲೆಕೆಳಗು ಮಾಡಿದಂತೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ವ್ಯವಸ್ಥೆ. ನನ್ನ ಮೊದಲಕ್ಷರ ಟಿ. ಅಂದರೆ ತೆರಕಣಾಂಬಿ. ಆದರೆ ಈ ಟಿ ಬಹಳ ಜನರ ಸೊತ್ತು. ಏಳು ತಂತಿಯ ಪಿಟೀಲಿನ ಟಿ. ಚೌಡಯ್ಯನವರದು ತಿರುಮಕೂಡಲಿನ ಟಿ. ಟಿ.ಎಸ್. ವೆಂಕಣ್ಣಯ್ಯನವರದು ತಳುಕಿನ ಟಿ. ಟಿ.ಪಿ. ಕೈಲಾಸಂ ಅವರದು ಊರೇ ಅಲ್ಲ, ತ್ಯಾಗರಾಜ ಎಂಬ ಹಿರಿಯರು. ಇನ್ನು ತುಮಕೂರು, ತಿಪಟೂರು, ತರೀಕೆರೆ, ತಲಕಾಡು, ತಗಡೂರುಗಳವರು ಸಾಲುಗಟ್ಟಿ ನಿಂತಿದ್ದಾರೆ. ಇಷ್ಟು ಜನರ ನಡುವೆ ನಮ್ಮೂರಿನವರು “ಟಿ ಎಂದರೆ?” ಎಂಬ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಕೊಡಲೇಬೇಕು. ಕೊಟ್ಟ ಮೇಲೆ “ಅದು ಎಲ್ಲಿದೆ?” ಎಂಬ ಎರಡನೆಯ ಪ್ರಶ್ನೆಗೂ ಕೊಡಬೇಕು.

ಊರಿನ ಹಳೆಯ ಹೆಸರು ತ್ರಿಕದಂಬಪುರ ಎಂದು ಗೆಜೆಟಿಯರಿನವರು ಬರೆಯುತ್ತಾರೆ. ಬಾಯಿಂದ ಬಾಯಿಗೆ ಉರುಳಿ ಅದು ತೆರಕಣಾಂಬಿಯಾಯಿತು. ಇಷ್ಟಾದರೂ ಇಂಗ್ಲಿಷಿನ ಟಿ ಅಲ್ಲಾಡಲಿಲ್ಲ ನೋಡಿ! ನಮ್ಮ ಜಿಲ್ಲಾ ಕೇಂದ್ರದವರಿಗೆ ಈ ಅದೃಷ್ಟವಿಲ್ಲ. ಅರಿಕುಠಾರ ಎಂದಿದ್ದ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರ ಹೆಸರಿಟ್ಟರು. ಆ ತಂದೆ ಹುಟ್ಟಿದ್ದು ಅಲ್ಲಿಯೇ. ಮಗ ಅಪ್ಪನ ಹೆಸರನ್ನು ಒಂದಕ್ಷರದಲ್ಲಿ ಹೊರುವುದು ನಮ್ಮ ರೂಢಿ. ಮಹಾರಾಜರು ಆ ಹೆಸರನ್ನು ಒಂದಿಡೀ ಊರಿನ ಮೇಲೆ ಹೊರಿಸಿದರು. ಅಂದಿನ ಅರಿಕುಠಾರದವರಿಗೆ ಇನಿಷಿಯಲ್ ಹಾಕುವ ಚಟ ಇದ್ದಿದ್ದರೆ ರಾತ್ರಿ ಎ ಆಗಿ ಮಲಗಿ ಬೆಳಿಗ್ಗೆ ಸಿ ಆಗಿ ಏಳಬೇಕಿತ್ತು.

ನಮ್ಮೂರಿನ ಹೆಸರನ್ನು ಮೊಟಕು ಮಾಡದೆ, ಇಡಿಯಾಗಿ ತಲೆಯ ಮೇಲೆ ಹೊತ್ತವನು ಒಬ್ಬ ಕವಿ: ತೆರಕಣಾಂಬಿ ಬೊಮ್ಮರಸ. 15ನೇ ಶತಮಾನದ ಜೈನಕವಿ, ‘ಸನತ್ಕುಮಾರ ಚರಿತೆ’, ‘ಜೀವಂಧರ ಸಾಂಗತ್ಯ’ ಬರೆದವನು. ಅದೇ ಶತಮಾನದಲ್ಲಿ ‘ಸೌಂದರ ಪುರಾಣ’ ಬರೆದ ಇನ್ನೊಬ್ಬ ಬೊಮ್ಮರಸ ಇದ್ದಾನೆ, ಅವನು ಶಿವಭಕ್ತ. ಇಬ್ಬರನ್ನೂ ಬೊಮ್ಮರಸ ಎಂದೇ ಕರೆದರೆ ಕನ್ನಡ ಎಂ.ಎ. ಹುಡುಗರ ಪಾಡೇನು? ಒಬ್ಬನ ಮುಂದೆ ಊರನ್ನಿಟ್ಟರು, ತಕರಾರು ತೀರಿತು. ಐನೂರು ವರ್ಷ ಕಳೆದರೂ ನಮ್ಮ ಕಡೆ ಇದೇ ರೀತಿ. ಪಕ್ಕದ ನಂಜನಗೂಡು ತಾಲ್ಲೂಕಿನಿಂದ ಬಂದ ದೇವನೂರ ಮಹಾದೇವ ಅವರೂ ಒಬ್ಬ ಮಾದೇವನೇ ತಾನೆ? ಎಷ್ಟೋ ಸಾವಿರ ಮಾದೇವರಲ್ಲಿ ಈ ಮಾದೇವ ಯಾರೆಂದು ದೇವನೂರು ಹೇಳಿಬಿಡುತ್ತದೆ.

ಊರೊಳಗೆ ಮಾತ್ರ ಈ ಟಿ ಕೆಲಸಕ್ಕೆ ಬರುವುದಿಲ್ಲ. ತೆರಕಣಾಂಬಿಯಲ್ಲಿ ಎಲ್ಲರೂ ಟಿಯೇ. ಅಲ್ಲಿ ನಡೆಯುವುದು ಹಟ್ಟಿ. ನಮ್ಮ ಕಡೆ ಹಟ್ಟಿ ಎಂದರೆ ಮನೆ. ಹುಡುಗನೊಬ್ಬ ಬೀದಿಯಲ್ಲಿ ಗೋಲಿ ಹೊಡೆಯುತ್ತಿದ್ದರೆ ಹಿರಿಯರು “ಯಾರಟ್ಟಿ ಐದ್ಲಾ ನೀನು?” ಎಂದು ಕೇಳುತ್ತಾರೆ. ಪಟೇಲರಟ್ಟಿ, ಮೇಗಲಟ್ಟಿ, ಮೂಲೆಯಟ್ಟಿ, ಹುಣಸೇಮರದಟ್ಟಿ. ಮರ ಕಡಿದು ಯಾವುದೋ ಕಾಲವಾಗಿರುತ್ತದೆ. ಹಟ್ಟಿ ಮಾತ್ರ ಹುಣಸೇಮರದ್ದೇ. ಹಟ್ಟಿಯೂ ಸಾಲದಾದಾಗ ಅಡ್ಡಹೆಸರು ಬರುತ್ತದೆ, ಹುಬ್ಬಳ್ಳಿಯವರ ಅರ್ಥದಲ್ಲಲ್ಲ, ನಮ್ಮ ಅರ್ಥದಲ್ಲಿ. ಲೈನ್‌ಮನ್ ಆಗಿದ್ದ ಮಾದೇವಸ್ವಾಮಿಗೆ ‘ಕರೆಂಟು’, ಊರ ಸುದ್ದಿಯೆಲ್ಲ ಸಾರುವವನಿಗೆ ‘ರೇಡಿಯೊ’, ಸಾಲ ಕೊಟ್ಟವನ ಮುಖ ಕಂಡರೆ ಬಾಳೆತೋಟಕ್ಕೆ ಇಳಿಯುವವನಿಗೆ ‘ಗುಳ್ಳೆನರಿ’. ಇವು ಎದುರಿಗೆ ಕರೆಯುವ ಹೆಸರುಗಳಲ್ಲ. ಆದರೆ ಹೊರಗಿನಿಂದ ಬಂದ ಪೋಸ್ಟ್‌ಮ್ಯಾನ್‌ಗೆ ಇವಿಲ್ಲದೆ ಕಾಗದ ಹಂಚಲು ಆಗುವುದಿಲ್ಲ.

ಇಂಗ್ಲೆಂಡಿನವರ ಸರ್‌ನೇಮುಗಳೆಲ್ಲ ಹೀಗೇ ಹುಟ್ಟಿದವು ಎಂದು ತಿಳಿದಾಗ ನನಗೆ ಬಹಳ ಸಮಾಧಾನವಾಯಿತು. ಅಲ್ಲಿಯವರೂ ಒಂದು ಕಾಲಕ್ಕೆ ನಮ್ಮಂತೆ ಒಂದೇ ಹೆಸರಿನವರು. ಊರ ತುಂಬ ಜಾನ್, ವಿಲಿಯಂ, ರಾಬರ್ಟ್. ಅವರಲ್ಲಿ ಯಾವ ಜಾನ್? ಬೆಟ್ಟದ ಕೆಳಗಿನವನು, ಅಂಡರ್‌ಹಿಲ್. ನಮ್ಮ ಹುಲುಗನಮುರಡಿಯ ತಪ್ಪಲಿನವರೆಲ್ಲ ಆ ಲೆಕ್ಕದಲ್ಲಿ ಅಂಡರ್‌ಹಿಲ್‌ಗಳೇ. ಊರ ಕೊನೆಯವನು ಟೌನ್ಸೆಂಡ್, ನಮ್ಮ ಮೂಲೆಯಟ್ಟಿಯವನು. ಸ್ಕಾಟ್ಲೆಂಡಿನವರದು ಇನ್ನೂ ನಿಷ್ಠುರ. ಕ್ಯಾಂಪ್‌ಬೆಲ್ ಎಂದರೆ ಗೇಲಿಕ್ ಭಾಷೆಯಲ್ಲಿ ಸೊಟ್ಟಬಾಯಿ, ಕ್ಯಾಮರನ್ ಎಂದರೆ ಸೊಟ್ಟಮೂಗು ಎನ್ನುತ್ತಾರೆ. ಯಾವನೋ ಒಬ್ಬ ಮುತ್ತಾತನ ಮೂಗು ನೆಟ್ಟಗಿರಲಿಲ್ಲವೆಂದು ಅವನ ವಂಶದವರೊಬ್ಬರು ಬ್ರಿಟನ್ನಿನ ಪ್ರಧಾನಿಯಾಗಿಯೂ ಸೊಟ್ಟಮೂಗಾಗಿಯೇ ಉಳಿದರು. ನಮ್ಮ ಗುಳ್ಳೆನರಿಯ ಮಗ ಕೆ.ಎ.ಎಸ್. ಪಾಸು ಮಾಡಿದರೆ ಅಪ್ಪನ ಗುಳ್ಳೆ ಅಲ್ಲಿಗೇ ತೀರುತ್ತದೆ.

ಅವರ ಹೆಸರಿನ ಬಾಲದಲ್ಲಿ ಕಾಣುವ ‘ಸನ್’ ಅಂತೂ ನಮ್ಮ ಎರಡನೆಯ ಇನಿಷಿಯಲ್ಲೇ. ನಾವು ಅಪ್ಪನನ್ನು ಹೆಸರಿನ ಮುಂದೆ ನಿಲ್ಲಿಸುತ್ತೇವೆ, ಅವರು ಹಿಂದೆ ಕೂರಿಸುತ್ತಾರೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಲಂಡನ್ನಿಗೆ ಹೋಗಬೇಕಿಲ್ಲ, ನಮ್ಮ ಜಿಲ್ಲೆಯಲ್ಲೇ ಒಬ್ಬ ಸಾಹೇಬ ಓಡಾಡಿಕೊಂಡಿದ್ದ. ಜಿ.ಪಿ. ಸ್ಯಾಂಡರ್ಸನ್. ಮೈಸೂರು ಸರ್ಕಾರದ ಕಾಲುವೆ ನೋಡಿಕೊಳ್ಳಲು ಬಂದು, ನೀರಿಗಿಂತ ಆನೆಯ ಮೇಲೆ ಪ್ರೀತಿ ಹೆಚ್ಚಾಗಿ, 1873-74ರ ಹೊತ್ತಿಗೆ ಚಾಮರಾಜನಗರದ ಹತ್ತಿರ, ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಖೆಡ್ಡಾ ಮಾಡಿಸಿ ಆನೆ ಹಿಡಿಸಿದವನು. 1878ರಲ್ಲಿ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಎಂಬ ಪುಸ್ತಕ ಬರೆದ. ಅದರಲ್ಲಿ ನಮ್ಮ ಕಾಡು, ನಮ್ಮ ಹುಲಿ, ನಮ್ಮ ಸೋಲಿಗರು ಎಲ್ಲ ಇದ್ದಾರೆ. ಸ್ಯಾಂಡರ್ಸನ್ ಎಂದರೆ ಸ್ಯಾಂಡರನ ಮಗ. ಸ್ಯಾಂಡರ್ ಎನ್ನುವುದು ಅಲೆಕ್ಸಾಂಡರನನ್ನು ಮುದ್ದಿನಿಂದ ಮೊಟಕು ಮಾಡಿದ ರೂಪ. ಅಲೆಕ್ಸಾಂಡರ್ ಎಂದರೆ ನಮ್ಮ ಸಿಕಂದರ್. ಹಾಗಾಗಿ ಗುಂಡ್ಲುಪೇಟೆಯ ಮೊಹಲ್ಲಾದಲ್ಲಿ ಸಿಕಂದರನ ಮಗನೊಬ್ಬ ‘ಎಸ್.’ ಎಂದು ಇನಿಷಿಯಲ್ ಹಾಕಿಕೊಂಡಿದ್ದರೆ ಅವನೂ ಸ್ಯಾಂಡರ್ಸನ್ನೇ, ಆನೆ ಹಿಡಿಯಲಿ ಬಿಡಲಿ. ಕಿಪ್ಲಿಂಗನ ‘ಜಂಗಲ್ ಬುಕ್’ನಲ್ಲಿ ಬರುವ ಆನೆ ಹಿಡಿಯುವ ಪೀಟರ್ಸನ್ ಸಾಹೇಬನಿಗೆ ಈ ಸ್ಯಾಂಡರ್ಸನ್ನೇ ಮೂಲ ಎಂದು ಹೇಳುವವರಿದ್ದಾರೆ. ನಿಜವಾದರೆ ಕಿಪ್ಲಿಂಗ್ ಮಾಡಿದ್ದಿಷ್ಟೇ, ಮಗನನ್ನು ಹಾಗೇ ಇಟ್ಟುಕೊಂಡು ಅಪ್ಪನನ್ನು ಬದಲಿಸಿದ.

ಆದರೆ ಈ ಸ್ಯಾಂಡರ್ಸನ್ ಸಾಹೇಬನ ಅಪ್ಪನ ಹೆಸರು ಸ್ಯಾಂಡರ್ ಆಗಿರಬೇಕಿಲ್ಲ. ತೊಡಕಿರುವುದು ಇಲ್ಲಿಯೇ. ಎಷ್ಟೋ ತಲೆಮಾರಿನ ಹಿಂದೆ ಯಾವನೋ ಒಬ್ಬ ಸ್ಯಾಂಡರನಿದ್ದ. ಅವನ ಮಗ, ಮೊಮ್ಮಗ, ಮರಿಮಗ, ಗಿರಿಮಗ ಎಲ್ಲರೂ ಅವನ ಮಕ್ಕಳೇ. ನಮ್ಮಲ್ಲಿ ಅಪ್ಪನ ಅಕ್ಷರ ಒಂದೇ ತಲೆಮಾರಿಗೆ ನಿಲ್ಲುತ್ತದೆ. ಮಗ ಅದನ್ನು ಇಳಿಸಿ ತನ್ನ ಅಪ್ಪನದನ್ನು ಏರಿಸಿಕೊಳ್ಳುತ್ತಾನೆ. ಹೆಂಗಸರ ವಿಷಯ ಬಂದರೆ ಇಂಗ್ಲಿಷರ ಪದ್ಧತಿ ಇನ್ನೂ ವಿಚಿತ್ರ. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿ ಕಾಫಿ ಎಸ್ಟೇಟಿನ ಆರ್.ಸಿ. ಮಾರಿಸ್ ದೊಡ್ಡ ಶಿಕಾರಿ, ಆಮೇಲೆ ಕಾಡುಪ್ರಾಣಿಗಳ ಕೈಹಿಡಿದವರು. ಅವರ ಮಗಳು ಮೋನಿಕಾ ಆ ಬೆಟ್ಟದಲ್ಲೇ ಬೆಳೆದು, 1955ರಲ್ಲಿ ಹೆಂಗಸರೇ ಇದ್ದ ಮೊದಲ ಹಿಮಾಲಯ ತಂಡದಲ್ಲಿ ನೇಪಾಳದ ಜುಗಲ್ ಹಿಮಾಲಕ್ಕೆ ಹತ್ತಿದರು. ಮದುವೆಯಾದ ಮೇಲೆ ಅವರು ಮೋನಿಕಾ ಜಾಕ್ಸನ್. ಜಾಕ್ಸನ್ ಎಂದರೆ ಜ್ಯಾಕನ ಮಗ. ಹಿಮಾಲಯ ಏರಿದ ಹೆಣ್ಣುಮಗಳು ಕಾಗದದ ಮೇಲೆ ಇನ್ಯಾರದೋ ಮಗನಾಗಿಬಿಟ್ಟರು!

ನಮ್ಮ ಹೆಂಗಸರ ಕತೆ ಇದಕ್ಕಿಂತ ಸುಖ ಎಂದು ಹೇಳುವ ಹಾಗಿಲ್ಲ. ನಮ್ಮಕ್ಕನ ಶಾಲೆಯ ಟಿ.ಸಿ.ಯಲ್ಲಿ ಊರು ಮತ್ತು ಅಪ್ಪನ ಅಕ್ಷರಗಳಿವೆ. ರೇಷನ್ ಕಾರ್ಡಿನಲ್ಲಿ ಅಪ್ಪ ಇಳಿದು ಭಾವ ಹತ್ತಿದ್ದಾರೆ. ವೋಟರ್ ಕಾರ್ಡಿನಲ್ಲಿ ಇಬ್ಬರೂ ಇಲ್ಲದೆ ಹೆಸರೊಂದೇ ನಿಂತಿದೆ. ಆಧಾರಿನಲ್ಲಿ ಅಕ್ಷರ ಹೆಸರಿನ ಹಿಂದಕ್ಕೆ ಹೋಗಿದೆ. ಒಂದು ಬ್ಯಾಂಕಿನವರು ಪಾಸ್‌ಬುಕ್ಕಿಗಾಗಿ ಈ ನಾಲ್ಕನ್ನೂ ಮೇಜಿನ ಮೇಲೆ ಹರಡಿಕೊಂಡು “ಇದರಲ್ಲಿ ನೀವ್ಯಾರು ತಾಯಿ?” ಎಂದು ಕೇಳಿದರು. ಕೊನೆಗೆ ನೋಟರಿಯ ಹತ್ತಿರ ಹೋಗಿ, ಛಾಪಾಕಾಗದದ ಮೇಲೆ “ಈ ನಾಲ್ಕೂ ಹೆಸರಿನ ವ್ಯಕ್ತಿ ನಾನೇ, ಬೇರೆ ಬೇರೆ ಅಲ್ಲ” ಎಂದು ಪ್ರಮಾಣ ಮಾಡಬೇಕಾಯಿತು. ಅಕ್ಕ ಹೆಬ್ಬೆಟ್ಟಿನವಳಲ್ಲ, ಸೊಗಸಾಗಿ ಸಹಿ ಹಾಕಿ, ಹೊರಗೆ ಬಂದು, “ನಾನೊಬ್ಳೇ ಅಂತ ಹೇಳಕೂ ದುಡ್ ಕೊಡ್ಬೇಕಾ ಇವ್ರ್ಗೆ?” ಎಂದಳು.

ಇನಿಷಿಯಲ್ಲನ್ನು ನಾನು ಇಷ್ಟು ಹೊಗಳುವುದಕ್ಕೆ ಇನ್ನೊಂದು ಕಾರಣ ಇದೆ. ಬರಿಯ ಟಿ.ಎಂ. ನೋಡಿ ಯಾರೂ ಜಾತಿ ಹೇಳಲಾರರು. ಸರ್‌ನೇಮ್ ಬಾಗಿಲಲ್ಲೇ ಎಲ್ಲವನ್ನೂ ಒದರಿಬಿಡುತ್ತದೆ. ಹಾಗೆಂದು ನಮ್ಮವರೇನು ಸುಮ್ಮನಿರುವ ಕುಳಗಳಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು “ಯಾವೂರು?” ಎನ್ನುತ್ತಾರೆ. ತೆರಕಣಾಂಬಿ ಎಂದರೆ “ಓ, ನಮ್ಮ ಹೆಣ್ಣೈಕನ ಅಲ್ಗೇ ಕೊಟ್ಟಿರೋದು” ಎಂದು ಮುಖ ಅರಳಿಸುತ್ತಾರೆ. ಸ್ವಲ್ಪ ಹೊತ್ತು ಮಳೆ, ಈರುಳ್ಳಿ ರೇಟು, ಅರಿಶಿನದ ರೇಟು ಆಗುತ್ತದೆ. ಆಮೇಲೆ ಬಹಳ ಮೆತ್ತಗೆ, ಕಿಟಕಿಯ ಕಡೆ ನೋಡುತ್ತ, “ಅಲ್ಲಿ ಯಾವ ಬೀದೀಲಿ?” ಎನ್ನುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದೊಂದು ಜಾತಿಗೆ ಒಂದೊಂದು ಬೀದಿ. ಇನಿಷಿಯಲ್ ಮುಚ್ಚಿಟ್ಟದ್ದನ್ನು ಬೀದಿ ಹೇಳಿಬಿಡುತ್ತದೆ. “ಬಸ್‌ಸ್ಟ್ಯಾಂಡ್ ಬೀದಿ” ಎಂದು ನಾನು ಹೇಳುವುದುಂಟು. ಅವರಿಗೆ ಅಲ್ಲಿಂದ ಗುಂಡ್ಲುಪೇಟೆಯವರೆಗೂ ನೆಮ್ಮದಿಯಿರುವುದಿಲ್ಲ.

ಹೀಗೆ ಹರಿದಾಡುತ್ತಿದ್ದ ಹೆಸರುಗಳು ಇಂಗ್ಲೆಂಡಿನಲ್ಲಿ ಹೆಪ್ಪುಗಟ್ಟಿದ್ದು ಯಾಕೆ? ಆಸ್ತಿ, ಕೋರ್ಟು, ದಾಖಲೆ, ಕಂದಾಯ. ಸರ್ಕಾರಕ್ಕೆ ಈ ವರ್ಷ ಸಿಕ್ಕ ಜಾನ್ ಮುಂದಿನ ವರ್ಷವೂ ಸಿಗಬೇಕಲ್ಲ? 1377, 1379, 1381ರಲ್ಲಿ ಅಲ್ಲಿ ತಲೆಗಂದಾಯ ಹಾಕಿದರು. ಪಟ್ಟಿ ಬರೆಯಲು ಬಂದ ಶಾನುಭೋಗರಂಥವರು ಜಾನ್ ಎಂಬ ಹೆಸರೊಂದೇ ಸಾಲದೆ ಕಸುಬನ್ನೋ ಅಪ್ಪನನ್ನೋ ಮೂಗನ್ನೋ ಪಕ್ಕಕ್ಕೆ ಬರೆದುಕೊಂಡರು. 1400ರ ಸುಮಾರಿಗೆ ಹೆಚ್ಚಿನವರ ಹೆಸರು ಮಕ್ಕಳಿಗೂ ಇಳಿಯುವ ಆಸ್ತಿಯಾಗಿತ್ತು. 1381ರ ಕಂದಾಯಕ್ಕೆ ರೈತರು ದಂಗೆ ಎದ್ದರು. ಮುಂದಾಳು ವಾಟ್ ಟೈಲರ್. ಟೈಲರ್ ಎಂದರೆ ದರ್ಜಿಯಲ್ಲ, ಅದರ ಕಾಗುಣಿತ ಬೇರೆ. ಇವನದು ಹೆಂಚು ಹೊದಿಸುವ ಕೆಲಸದ ಹೆಸರು. ಆರುನೂರು ವರ್ಷ ಬಿಟ್ಟು, 1990ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಅಂಥದ್ದೇ ತಲೆಗಂದಾಯ ಬಂತು, ಮತ್ತೆ ಬೀದಿಯಲ್ಲಿ ಗಲಾಟೆಯಾಯಿತು, ಆ ವರ್ಷವೇ ಪ್ರಧಾನಿಯ ಕುರ್ಚಿ ಹೋಯಿತು. ಆ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಥ್ಯಾಚರ್ ಎಂದರೆ ಸೂರಿಗೆ ಹುಲ್ಲು ಹೊದಿಸುವವನು! ಮೊದಲ ತಲೆಗಂದಾಯದ ವಿರುದ್ಧ ಹೆಂಚಿನವನು, ಎರಡನೆಯದರ ಪರವಾಗಿ ಹುಲ್ಲಿನವಳು. ಎರಡು ಸಲವೂ ಸೂರು ಹಾರಿಹೋಯಿತು. ಆಕೆಗಾದರೋ ಆ ಹುಲ್ಲು ಗಂಡನ ಕಡೆಯಿಂದ ಬಂದದ್ದು. ತವರಿನಲ್ಲಿ ಆಕೆ ರಾಬರ್ಟ್ಸ್, ದಿನಸಿ ಅಂಗಡಿಯವರ ಮಗಳು. ನಮ್ಮ ಹುಬ್ಬಳ್ಳಿ ಕಡೆ ಹುಟ್ಟಿದ್ದರೆ ಅಂಗಡಿ ಎಂದೇ ಆಗಿರುತ್ತಿತ್ತು.

ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಸರ್‌ನೇಮು ಸ್ಮಿತ್, ಅಂದರೆ ಕಮ್ಮಾರ. ಉತ್ತರ ಕರ್ನಾಟಕಕ್ಕೆ ಇದು ಕಂಬಾರ ಎಂದರೆ ಥಟ್ಟನೆ ಅರ್ಥವಾಗುತ್ತದೆ. ಅರ್ಥಶಾಸ್ತ್ರಕ್ಕೆ ಸ್ಕಾಟ್ಲೆಂಡಿನವರು ಒಬ್ಬ ಆಡಂ ಸ್ಮಿತ್‌ನನ್ನು ಕೊಟ್ಟರೆ, ಜ್ಞಾನಪೀಠಕ್ಕೆ ನಾವು ಚಂದ್ರಶೇಖರ ಕಂಬಾರರನ್ನು ಕೊಟ್ಟಿದ್ದೇವೆ. ಇಬ್ಬರ ಕುಲುಮೆಯೂ ಒಂದೇ.

ಹೆಸರು ಹುಟ್ಟುವ ಆ ಹಳೆಯ ಕುಲುಮೆ ನಮ್ಮಲ್ಲಿ ಇನ್ನೂ ಆರಿಲ್ಲ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ ಅವರ ಹೆಸರನ್ನು ನೀರ್ ಸಾಬ್ ಮಾಡಿದರು. ಯಾವ ಗೆಜೆಟ್ ಪ್ರಕಟಣೆಯೂ ಬೇಕಾಗಲಿಲ್ಲ. ಕೈಪಂಪಿನ ಮುಂದೆ ಕಾದು ಕೊಡ ತುಂಬಿಸಿಕೊಂಡ ಹೆಂಗಸರು ಇಟ್ಟ ಹೆಸರು ಅದು. ನಜೀರ್ ಸಾಬರೇನಾದರೂ 14ನೇ ಶತಮಾನದ ಇಂಗ್ಲೆಂಡಿನಲ್ಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಅವರ ವಂಶದ ಲಾರ್ಡ್ ವಾಟರ್ ಒಬ್ಬರು ಅಲ್ಲಿನ ಮೇಲ್ಮನೆಯಲ್ಲಿ ತೂಕಡಿಸುತ್ತಿರುತ್ತಿದ್ದರು.

ಗುಂಡ್ಲುಪೇಟೆಯದೇ ಇನ್ನೊಂದು ಇನಿಷಿಯಲ್ ಜೋಡಿ ಕರ್ನಾಟಕದ ಮಕ್ಕಳೆಲ್ಲರಿಗೂ ಗೊತ್ತು: ಜಿ.ಪಿ. ರಾಜರತ್ನಂ. ನಾಯಿಮರಿಗೆ ತಿಂಡಿ ಕೊಡಿಸಿದ ಆ ಕವಿಯ ಜಿ.ಪಿ. ಎಂದರೆ ಗುಂಡ್ಲು ಪಂಡಿತ. ಅವರ ಹಿರಿಯರು ಗುಂಡ್ಲುಪೇಟೆಯಲ್ಲಿ ನೆಲೆ ನಿಂತ ಪಂಡಿತರು. ಊರು ಒಂದಕ್ಷರ, ಪಾಂಡಿತ್ಯ ಒಂದಕ್ಷರ. ಅಪ್ಪನಿಗೆ ಜಾಗವೇ ಇಲ್ಲ. ಬೇರೆಯವರಾದರೆ ಇದನ್ನೇ ಸರ್‌ನೇಮ್ ಎಂದು ಮೆರೆಸುತ್ತಿದ್ದರು. ನಮ್ಮವರು ಅದನ್ನೂ ಮಡಿಸಿ ಇನಿಷಿಯಲ್ಲಿನ ಡಬ್ಬಿಗೆ ಹಾಕಿದರು.

ಇನ್ನು ನಮ್ಮ ಕಣ್ಣೆದುರಿಗೇ ಒಂದು ಸರ್‌ನೇಮು ಹುಟ್ಟಿದ್ದನ್ನು ಹೇಳದಿದ್ದರೆ ಈ ಸೀಮೆಯವನಾಗಿ ನನಗೆ ಮರ್ಯಾದೆಯಲ್ಲ. ಚಾಮರಾಜನಗರದಿಂದ ಗಡಿ ದಾಟಿದರೆ ತಾಳವಾಡಿ ಕಡೆಯ ಗಾಜನೂರು. ಈಗ ಅದು ತಮಿಳುನಾಡಿನ ಈರೋಡು ಜಿಲ್ಲೆ, ಮಾತು ಮಾತ್ರ ನಮ್ಮದೇ. ಅಲ್ಲಿ 1929ರಲ್ಲಿ ಒಬ್ಬ ಮುತ್ತುರಾಜ ಹುಟ್ಟಿದ. ಅಪ್ಪ ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯ, ನಾಟಕದವರು. ನಮ್ಮ ಲೆಕ್ಕದಲ್ಲಿ ಹುಡುಗ ಎಸ್.ಪಿ. ಮುತ್ತುರಾಜ್. 1954ರಲ್ಲಿ ಎಚ್.ಎಲ್.ಎನ್. ಸಿಂಹ ‘ಬೇಡರ ಕಣ್ಣಪ್ಪ’ ತೆಗೆದಾಗ ಮುತ್ತುರಾಜ ರಾಜ್‌ಕುಮಾರ್ ಆದರು. ಅಲ್ಲಿಯವರೆಗೆ ಆ ಹೆಸರಿಗೂ ಆ ಮನೆಗೂ ಸಂಬಂಧವಿರಲಿಲ್ಲ. ಮುಂದೆ? ಶಿವರಾಜ್‌ಕುಮಾರ್, ರಾಘವೇಂದ್ರ ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್. ಅಪ್ಪನ ಬಣ್ಣದ ಹೆಸರು ಒಂದೇ ತಲೆಮಾರಿಗೆ ಮನೆತನದ ಹೆಸರಾಗಿ ಮೊಮ್ಮಕ್ಕಳಿಗೂ ಇಳಿಯಿತು. ಸಿಂಗಾನಲ್ಲೂರಿನ ಎಸ್, ಪುಟ್ಟಸ್ವಾಮಯ್ಯನವರ ಪಿ ಎರಡೂ ಹಿಂದೆ ಸರಿದವು. ಇಂಗ್ಲೆಂಡಿನಲ್ಲಿ ಮುನ್ನೂರು ವರ್ಷ ಹಿಡಿದ ಕೆಲಸವನ್ನು ಗಾಂಧಿನಗರ ಮೂವತ್ತು ವರ್ಷದಲ್ಲಿ ಮುಗಿಸಿತು.

ಗಡಿಯ ಆಚೆ ಇದಕ್ಕೂ ಮಿಗಿಲಾದ ಪ್ರಕರಣ ನಡೆದಿದೆ. ರಷ್ಯಾದ ಒಬ್ಬ ಕ್ರಾಂತಿಕಾರಿ ತನ್ನ ನಿಜದ ಸರ್‌ನೇಮು ಬಿಟ್ಟು, ಉಕ್ಕಿನವನು ಎಂಬ ಅರ್ಥ ಬರುವ ಸ್ಟಾಲಿನ್ ಎಂಬ ಹೆಸರಿಟ್ಟುಕೊಂಡ. ಅವನು ಸಾಯುವ ನಾಲ್ಕು ದಿನ ಮೊದಲು, 1953ರ ಮಾರ್ಚ್ 1ರಂದು, ಕರುಣಾನಿಧಿಯವರಿಗೆ ಗಂಡುಮಗು ಆಯಿತು. ಅದಕ್ಕೆ ಸ್ಟಾಲಿನ್ ಎಂದು ಇಟ್ಟರು. ಅಲ್ಲಿಗೆ ಸರ್‌ನೇಮು ಹೆಸರಾಯಿತು. ಅವರ ಮಗ ಉದಯನಿಧಿ ಸ್ಟಾಲಿನ್. ಹೆಸರು ಮತ್ತೆ ಸರ್‌ನೇಮಾಯಿತು! ಮಾಸ್ಕೋದಿಂದ ಚೆನ್ನೈಗೆ ಬಂದು ಒಂದು ಸುತ್ತು ಪೂರ್ತಿ ಮಾಡಿದ ಈ ಉಕ್ಕನ್ನು ನೋಡಿದರೆ ಯಾವ ಕಂಬಾರನಿಗೂ ಖುಷಿಯಾಗಬೇಕು.

ನಮ್ಮಂಥವರ ತಲೆಗಂದಾಯ ಪಾಸ್‌ಪೋರ್ಟಿನ ರೂಪದಲ್ಲಿ ಬಂದಿದೆ. ಅದರಲ್ಲಿ ಹೆಸರಿಗೊಂದು ಖಾನೆ, ಸರ್‌ನೇಮಿಗೊಂದು ಖಾನೆ. ನಮ್ಮ ಕಡೆಯ ಹುಡುಗರು ಎರಡನೆಯ ಖಾನೆ ಖಾಲಿ ಬಿಡುತ್ತಾರೆ, ಇಲ್ಲವೇ ಎಲ್ಲವನ್ನೂ ಒಂದರಲ್ಲೇ ತುರುಕುತ್ತಾರೆ. 2022ರ ನವೆಂಬರಿನಲ್ಲಿ ದುಬೈಯ ಕಡೆಯವರು, ಒಂದೇ ಹೆಸರಿರುವ ಪಾಸ್‌ಪೋರ್ಟಿನವರು ಸಂದರ್ಶಕರಾಗಿ ನಮ್ಮ ನೆಲಕ್ಕೆ ಕಾಲಿಡಕೂಡದು ಎಂದುಬಿಟ್ಟರು. ಅಮೆರಿಕದವರದು ಇನ್ನೊಂದು ಬಗೆ. ಸರ್‌ನೇಮಿನ ಖಾನೆ ಖಾಲಿ ಕಂಡರೆ ಇದ್ದ ಹೆಸರನ್ನೇ ಅಲ್ಲಿಗೆ ಸರಿಸಿ, ವೀಸಾದ ಹೆಸರಿನ ಖಾನೆಯಲ್ಲಿ ಎಫ್‌ಎನ್‌ಯು ಎಂದು ಒತ್ತುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಅಕ್ಕನ ಮಗ ಮಹದೇವಸ್ವಾಮಿ (ಮತ್ತೇನಿರುತ್ತದೆ?) ಮೊದಲ ಸಲ ಅಲ್ಲಿಗೆ ಹೋದಾಗ ಆಫೀಸಿನ ಮೇಜಿನ ಮೇಲೆ ‘ಫ್ನು ಮಹದೇವಸ್ವಾಮಿ’ ಎಂಬ ಫಲಕ ಅವನಿಗಾಗಿ ಕಾದಿತ್ತು. ಜತೆಯವರೊಬ್ಬರು ಬಂದು ಕೈಕುಲುಕಿ, ಫ್ನು ಬಹಳ ಚೆಂದದ ಹೆಸರು, ನಿಮ್ಮ ದೇವರದೇ ಎಂದು ಕೇಳಿದರಂತೆ. ಐಸ್‌ಲ್ಯಾಂಡಿನವರಾಗಿದ್ದರೆ ನಮ್ಮ ಕಷ್ಟ ಅರ್ಥವಾಗುತ್ತಿತ್ತು. ಅಲ್ಲಿ ಇವತ್ತಿಗೂ ಹೆಚ್ಚಿನವರ ಹೆಸರಿನ ಹಿಂದೆ ಇರುವುದು ಅಪ್ಪನ ಹೆಸರೇ ಹೊರತು ವಂಶದ್ದಲ್ಲ, ಫೋನ್ ಡೈರೆಕ್ಟರಿಯಲ್ಲೂ ಅವರನ್ನು ಸ್ವಂತ ಹೆಸರಿನಿಂದಲೇ ಹುಡುಕಬೇಕು. ಚಳಿಯೊಂದನ್ನು ಬಿಟ್ಟರೆ ಅದು ಮೈಸೂರು ಸೀಮೆಯೇ.

ಫ್ನು ಸಾಕಾಗಿ ಹುಡುಗ ಪಾಸ್‌ಪೋರ್ಟು ತಿದ್ದಿಸಿದ. ಹೊಸ ಸರ್‌ನೇಮು ತೆರಕಣಾಂಬಿ. “ಅಪ್ಪನ ಹೆಸರು ಹಾಕಿದ್ರೆ ಇವರೆಲ್ಲ ನನ್ನ ಅಪ್ಪನ ಹೆಸರಲ್ಲೇ ಕರೀತಾರೆ ಮಾವ, ತಿರುಗಿ ನೋಡ್ದಾಗೆಲ್ಲ ಅಪ್ಪ ಬಂದ್ರಾ ಅನ್ಸುತ್ತೆ” ಎಂದ. ಹಾಗಾಗಿ ಈಗ ಅವನು ಅಮೆರಿಕದಲ್ಲಿ ಮಿಸ್ಟರ್ ಟೆರಾಕನಂಬಿ. ಅವನ ಮಗಳಿಗೆ ತೆರಕಣಾಂಬಿ ಗೊತ್ತಿರುವುದು ತನ್ನ ಹೆಸರಿನ ಬಾಲವಾಗಿ ಮಾತ್ರ. ಮುಂದೊಂದು ದಿನ ಯಾರಾದರೂ ಅವಳನ್ನು ಈ ಸರ್‌ನೇಮಿನ ಮೂಲವೇನು, ಅರ್ಥವೇನು ಎಂದು ಕೇಳಿದಾಗ ಅವಳು ಮೂರು ಕದಂಬ ಮರಗಳನ್ನೋ ಶಿವನನ್ನೋ ಹೇಳಬಹುದು. ಟೊಮೆಟೊ ಲಾರಿಯನ್ನು ಹೇಳುವುದು ಸಂದೇಹ.

ಅಕ್ಕ ಹೋದ ವರ್ಷ ಮೊಮ್ಮಗಳನ್ನು ನೋಡಲು ಅಲ್ಲಿಗೆ ಹೋಗಿದ್ದಳು. ಪಕ್ಕದ ಮನೆಯವರು ಸ್ಮಿತ್ ದಂಪತಿ. ಅಕ್ಕ ಮೊದಲ ದಿನವೇ ಬೇಲಿಯ ಹತ್ತಿರ ಹೋಗಿ ನಿಂತು ಮಗನ ಬಾಯಲ್ಲಿ ಅವರ ಹೆಸರು ಕೇಳಿಸಿದಳು, ಹೆಸರಿನ ಅರ್ಥ ಕೇಳಿಸಿದಳು.

“ಆಚಾರ್ರಾ? ಅಂಗಾದ್ರೆ ಕುಲುಮೆ ಎಲ್ಲಿ?”

“ಕುಲುಮೆ ಇಲ್ಲ ಕನವ್ವ. ಅವರು ಇನ್ಶೂರೆನ್ಸ್ ಕಂಪ್ನೀಲಿ ಇದ್ದಾರೆ.”

“ಅವ್ರಪ್ಪ?”

ಅವನು ಕೇಳಿ ಹೇಳಿದ. ಅವರಪ್ಪ ಶಾಲೆಯ ಮೇಷ್ಟ್ರು, ಅವರ ತಾತ ರೈಲ್ವೆ. ಕಬ್ಬಿಣ ಕಾಯಿಸಿದವರು ನೆನಪಿನಲ್ಲಿ ಯಾರೂ ಇಲ್ಲ.

ಅಕ್ಕ ಸ್ವಲ್ಪ ಹೊತ್ತು ಸ್ಮಿತ್ ಸಾಹೇಬರ ಕೈಗಳನ್ನೇ ನೋಡಿದಳಂತೆ. ಆಮೇಲೆ, “ಕುಡ್ಲು ಹಣ್ಸಕ್ ಬರ್ದೆ ಇದ್ಮೇಲೆ ಆಚಾರ್ರು ಅಂತ ಯಾಕಪ್ಪಾ ಯೇಳ್ಕಂಡ್ ತಿರುಗ್ತಾರೆ? ಇನ್ಶೂರೆನ್ಸ್ ಅಂತ್ಲೇ ಇಟ್ಕಳಕ್ ಯೇಳು” ಎಂದಳು. ಇದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಿದೆ ಎಂದು ಕೇಳಿದರೆ ಮಹದೇವಸ್ವಾಮಿ ಹೇಳುವುದಿಲ್ಲ. ಸ್ಮಿತ್ ಸಾಹೇಬರು ಮಾತ್ರ ಅವತ್ತಿನಿಂದ ಅಕ್ಕನನ್ನು ಕಂಡಾಗೆಲ್ಲ ಎರಡೂ ಕೈ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರಂತೆ.